ಹೊರಟ ಏಣಿಗೇ ಮರಳುವುದು: ಬೊನೇರ್‌ನ ಹೌಸ್ ರೀಫ್‌ನಲ್ಲಿ ದಡದಿಂದ ಡೈವ್ ಮಾಡುವವರಿಗೆ ಸಮಗ್ರ ಮಾರ್ಗದರ್ಶಿ

ಕೆರಿಬಿಯನ್ ಕಡಲಿನ ದ್ವೀಪ ಬೊನೇರ್‌ಗೆ ಹೋಗಿಬಂದ ಗೆಳೆಯರು ನನ್ನ ಬಳಿ ತೋಡಿಕೊಳ್ಳುವುದು ಹೆಚ್ಚುಕಡಿಮೆ ಒಂದೇ ಕಥೆ. ರೆಸಾರ್ಟಿನ ಜೆಟ್ಟಿಯಿಂದ ಇಳಿದೆವು, ಹವಳದ ದಿಬ್ಬದ ಗುಂಟ ಹಾಯಾಗಿ ಸಾಗಿದೆವು, ಟ್ಯಾಂಕಿನಲ್ಲಿ ಗಾಳಿ ಕಡಿಮೆಯಾಯಿತೆಂದು ಮೇಲೆದ್ದು ನೋಡಿದರೆ ಜೆಟ್ಟಿ ದೂರದಲ್ಲಿ ಬೆಂಕಿಪೊಟ್ಟಣದಷ್ಟು ಕಾಣುತ್ತಿತ್ತು. ಅಲ್ಲಿಂದ ಅರ್ಧ ಗಂಟೆ ಅಲೆಗಳ ಮೇಲೆ ಕಾಲು ಬಡಿದದ್ದು, ಮೀನಖಂಡ ಸೆಡೆತುಕೊಂಡದ್ದು, ಜೊತೆಗಾರ ಹಿಂದೆ ಬಿದ್ದದ್ದು. ಮರುದಿನ ಮತ್ತೆ ಅದೇ.

ಇದರ ಮೂಲ ನಾವು ಕಲಿತ ಬಗೆಯಲ್ಲಿದೆ. ನಮ್ಮಲ್ಲಿ ಅನೇಕರು ಡೈವಿಂಗ್ ಕಲಿತದ್ದು ಮುರ್ಡೇಶ್ವರದಿಂದ ನೇತ್ರಾಣಿಗೆ ಹೋಗುವ ದೋಣಿಯಲ್ಲಿ, ಇಲ್ಲವೇ ಅಂಡಮಾನಿನಲ್ಲಿ. ದೋಣಿಯಿಂದ ಧುಮುಕಿದವರನ್ನು ದೋಣಿ ಹುಡುಕಿಕೊಂಡು ಬರುತ್ತದೆ. ಮುಂದೆ ಮಾರ್ಗದರ್ಶಕ ಇರುತ್ತಾನೆ, ಅವನ ಫಿನ್ (ಕಾಲಿಗೆ ತೊಡುವ ಈಜುರೆಕ್ಕೆ) ನೋಡುತ್ತ ಹೋದರಾಯಿತು. ಜೆಟ್ಟಿ ಹಾಗೆ ಬರುವುದಿಲ್ಲ. ಹೌಸ್ ರೀಫ್‌ನಲ್ಲಿ, ಅಂದರೆ ರೆಸಾರ್ಟಿನ ಎದುರಿಗೇ ಇರುವ ಹವಳದ ದಿಬ್ಬದಲ್ಲಿ, ಮಾರ್ಗದರ್ಶಕನೂ ನೀವೇ, ದೋಣಿಯೂ ನೀವೇ. ಆದ್ದರಿಂದ ಹಿಂದಿರುಗುವ ದಾರಿಯನ್ನು ನೀರಿಗಿಳಿಯುವ ಮೊದಲೇ ಗೊತ್ತುಮಾಡಿಕೊಳ್ಳಬೇಕು. ಕೆಳಗಿನ ಹಂತಗಳ ಕ್ರಮ ಇದೇ ಕಾರಣಕ್ಕೆ ಹೀಗಿದೆ. ದಯವಿಟ್ಟು ಕ್ರಮ ಬದಲಿಸಬೇಡಿ. ಇದು ಪ್ರಮಾಣಪತ್ರ ಪಡೆದು, ಜೊತೆಗಾರನೊಂದಿಗೆ ಇಳಿಯುವವರಿಗೆ ಬರೆದದ್ದು. ತರಬೇತಿಗೆ ಬದಲಿಯಾಗಿ ಇದನ್ನು ಬಳಸಬಾರದು.

ಜಾಗದ ಲಕ್ಷಣವನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಬೊನೇರ್ ದಕ್ಷಿಣ ಕೆರಿಬಿಯನ್ ಕಡಲಿನಲ್ಲಿ, ವೆನೆಜುವೆಲಾದ ಉತ್ತರಕ್ಕಿರುವ, ನೆದರ್ಲೆಂಡ್ಸ್‌ಗೆ ಸೇರಿದ ದ್ವೀಪ. ಗಾಳಿ ವರ್ಷದ ಹೆಚ್ಚಿನ ಕಾಲ ಪೂರ್ವದಿಂದ ಬೀಸುತ್ತದೆ. ಹಾಗಾಗಿ ಪೂರ್ವ ದಡ ಒರಟು, ಪಶ್ಚಿಮ ದಡ ಶಾಂತ. ರೆಸಾರ್ಟುಗಳ ಹೌಸ್ ರೀಫ್‌ಗಳು ಬಹುತೇಕ ಈ ಪಶ್ಚಿಮ ದಡದಲ್ಲಿ, ರಾಜಧಾನಿ ಕ್ರಾಲೆಂಡೈಕ್‌ನ ಆಸುಪಾಸಿನಲ್ಲಿವೆ. ಎದುರಿಗೆ ಕ್ಲೈನ್ ಬೊನೇರ್ ಎಂಬ ಚಪ್ಪಟೆ ನಡುಗಡ್ಡೆ ಕಾಣುತ್ತದೆ.

ಬೇಕಾಗುವ ಸಾಮಗ್ರಿ

ಮಾಮೂಲಿ ಸಲಕರಣೆಗಳ ಪಟ್ಟಿ ನಿಮಗೆ ಗೊತ್ತೇ ಇದೆ. ದಡದ ಡೈವಿಗೆ ವಿಶೇಷವಾಗಿ ಬೇಕಾದವು ಇವು.

ಗಟ್ಟಿ ಅಟ್ಟೆಯ ಬೂಟು ಮತ್ತು ಹಿಮ್ಮಡಿಯ ಪಟ್ಟಿ ಇರುವ ಫಿನ್. ಈಜುಕೊಳದಲ್ಲಿ ಬಳಸುವ, ಪಾದವನ್ನು ಪೂರ್ತಿ ಮುಚ್ಚುವ ಫಿನ್ ಇಲ್ಲಿ ಕೆಲಸಕ್ಕೆ ಬಾರದು. ಬೊನೇರ್‌ನ ದಡ ಎಂದರೆ ಹೆಚ್ಚಿನ ಕಡೆ ಸತ್ತ ಹವಳದ ಚೂರುಗಳ ರಾಶಿ; ಬರಿಗಾಲಿನಲ್ಲಿ ನಾಲ್ಕು ಹೆಜ್ಜೆ ಇಡಲಾಗುವುದಿಲ್ಲ.

ದಿಕ್ಸೂಚಿ. ಬಾಡಿಗೆಯ ಗೇಜಿನಲ್ಲಿ (ಟ್ಯಾಂಕಿನ ಗಾಳಿ ತೋರಿಸುವ ಮಾಪಕದಲ್ಲಿ) ಇಲ್ಲದಿದ್ದರೆ ಕೇಳಿ ಪಡೆಯಿರಿ. ಇದಿಲ್ಲದೆ ಇಳಿಯಬೇಡಿ.

ಆಳ ಮತ್ತು ಸಮಯದ ಲೆಕ್ಕ ಇಡುವ ಡೈವ್ ಕಂಪ್ಯೂಟರ್, ಒಬ್ಬೊಬ್ಬರಿಗೂ ಒಂದೊಂದು. ಇಬ್ಬರ ನಡುವೆ ಒಂದನ್ನು ಹಂಚಿಕೊಂಡರೆ ಇಬ್ಬರಿಗೂ ಅದು ಸುಳ್ಳು ಲೆಕ್ಕ ಹೇಳುತ್ತದೆ.

ಗಾಳಿ ತುಂಬಿ ಮೇಲೆ ಬಿಡುವ ಕಿತ್ತಳೆ ಬಣ್ಣದ ಉದ್ದನೆಯ ತೇಲುಚೀಲ ಮತ್ತು ಅದರ ದಾರದ ಸುರುಳಿ. ಎದುರಿನ ನಡುಗಡ್ಡೆಗೂ ಈ ದಡಕ್ಕೂ ನಡುವೆ ದೋಣಿಗಳು ಓಡಾಡುತ್ತಲೇ ಇರುತ್ತವೆ.

ಒಂದು ಸಣ್ಣ ಟಾರ್ಚು, ಒಂದು ಸೀಟಿ, ನೀರಿನಲ್ಲಿ ಬರೆಯುವ ಫಲಕ. ನೀರಿನ ಬಿಸಿ 26ರಿಂದ 29 ಡಿಗ್ರಿ ಸೆಲ್ಸಿಯಸ್ ಇರುವುದರಿಂದ 3 ಮಿ.ಮೀ. ಸೂಟು ಸಾಕು. ಕೈಗವಸು ಮನೆಯಲ್ಲೇ ಇರಲಿ. ಅಲ್ಲಿ ಅದಕ್ಕೆ ನಿಷೇಧವಿದೆ, ಕಾರಣವನ್ನು ಮುಂದೆ ಹೇಳುತ್ತೇನೆ.

1. ಮೊದಲ ದಿನ: ಪಾರ್ಕಿನ ನಿಯಮ ಮುಗಿಸಿಕೊಳ್ಳಿ

ದ್ವೀಪದ ಸುತ್ತಲಿನ ನೀರು, ಉಬ್ಬರದ ಗೆರೆಯಿಂದ 60 ಮೀಟರ್ ಆಳದವರೆಗೆ, 1979ರಿಂದ ಸಂರಕ್ಷಿತ ಸಾಗರ ಉದ್ಯಾನ. ಇದನ್ನು ನೋಡಿಕೊಳ್ಳುವ ಸಂಸ್ಥೆ ಸ್ಟಿನಾಪಾ. ನೀರಿಗಿಳಿಯುವ ಪ್ರವಾಸಿಗರು ಅದರ ಪ್ರಕೃತಿ ಶುಲ್ಕ ಕಟ್ಟಬೇಕು. ಡೈವರ್‌ಗಳು ತಮ್ಮ ಡೈವ್ ಕೇಂದ್ರದಲ್ಲಿ ನಿಯಮಗಳ ಮಾಹಿತಿ ಪಡೆದು, ಮೊದಲು ಅಲ್ಲಿಯೇ ಒಂದು ಪರಿಚಯದ ಡೈವ್ ಮಾಡಬೇಕು. ಇದನ್ನು ಕಾಟಾಚಾರಕ್ಕೆ ಮುಗಿಸುವವರೇ ಹೆಚ್ಚು. ದೂರದ ವಿಮಾನ ಪ್ರಯಾಣದ ಆಯಾಸದಲ್ಲಿ ಮಾಹಿತಿಗೆ ಕಿವಿಗೊಡುವುದಿಲ್ಲ. ಆದರೆ ಈ ಹದಿನೈದು ಇಪ್ಪತ್ತು ನಿಮಿಷದಲ್ಲೇ ನಿಮ್ಮ ಜೆಟ್ಟಿಯ ಮುಂದೆ ದಿಬ್ಬದ ಅಂಚು ಎಷ್ಟು ಆಳದಲ್ಲಿದೆ, ದೋಣಿಗಳು ಯಾವ ಕಡೆಯಿಂದ ಬರುತ್ತವೆ ಎಂಬುದನ್ನು ಹೇಳುತ್ತಾರೆ. ಕೇಳಿ ಬರೆದುಕೊಳ್ಳಿ. ತುರ್ತು ಆಮ್ಲಜನಕದ ಪೆಟ್ಟಿಗೆ ಎಲ್ಲಿದೆ, ಆಂಬುಲೆನ್ಸಿಗೆ ಯಾವ ಸಂಖ್ಯೆಗೆ ಕರೆ ಮಾಡಬೇಕು ಎಂಬ ಎರಡು ಪ್ರಶ್ನೆಗಳನ್ನು ನೀವಾಗಿಯೇ ಕೇಳಿ.

ಯಾವುದನ್ನೂ ಮುಟ್ಟುವಂತಿಲ್ಲ, ಸತ್ತ ಚಿಪ್ಪನ್ನೂ ಎತ್ತಿಕೊಳ್ಳುವಂತಿಲ್ಲ. ಕೈಗವಸಿನ ನಿಷೇಧದ ಹಿಂದಿರುವ ವಿಚಾರ ಸರಳ: ಕೈ ಬರಿದಾಗಿದ್ದರೆ ಹವಳ ಹಿಡಿಯಲು ಮನಸ್ಸಾಗುವುದಿಲ್ಲ. ಆಕ್ಸಿಬೆಂಜೋನ್ ಮತ್ತು ಆಕ್ಟಿನಾಕ್ಸೇಟ್ ಇರುವ ಸನ್‌ಸ್ಕ್ರೀನ್‌ಗೂ ಅಲ್ಲಿ ನಿರ್ಬಂಧವಿದೆ. ಉದ್ದ ತೋಳಿನ ಅಂಗಿಯೇ ಒಳ್ಳೆಯದು.

2. ಹದಿನೈದು ನಿಮಿಷ ಸುಮ್ಮನೆ ನಿಂತು ಕಡಲನ್ನು ನೋಡಿ

ಸಲಕರಣೆ ಕಟ್ಟುವ ಮೊದಲು ಜೆಟ್ಟಿಯ ತುದಿಗೆ ಹೋಗಿ ನಿಲ್ಲಿ. ಸೂಟು ತೊಟ್ಟು, ಟ್ಯಾಂಕ್ ಹೊತ್ತ ಮೇಲೆ ನೋಡುವುದಕ್ಕೂ ಬರಿಮೈಯಲ್ಲಿ ನಿಂತು ನೋಡುವುದಕ್ಕೂ ಅಜಗಜಾಂತರ. ಹೊತ್ತ ಮೇಲೆ ಸೆಕೆ ತಡೆಯಲಾರದೆ ಯಾರಾದರೂ ಬೇಗ ಇಳಿದುಬಿಡುತ್ತಾರೆ.

ನೋಡಬೇಕಾದದ್ದು ಮೂರು. ಮೊದಲನೆಯದು ಸೆಳೆತ. ಲಂಗರಿನ ಬೋಯ್‌ಗಳನ್ನು (ದೋಣಿ ಕಟ್ಟುವ ತೇಲುಗುಂಡುಗಳನ್ನು) ಗಮನಿಸಿ: ಬೋಯ್ ಒಂದು ಕಡೆಗೆ ವಾಲಿ, ಅದರ ಹಗ್ಗ ಬಿಗಿಯಾಗಿ ಓರೆಯಾಗಿ ಇಳಿದಿದ್ದರೆ, ಅದರ ಹಿಂದೆ ನೀರು ಸಣ್ಣಗೆ ಸುರುಳಿ ಸುತ್ತುತ್ತಿದ್ದರೆ ಸೆಳೆತ ಇದೆ. ಜೆಟ್ಟಿಯ ಕಂಬದ ಪಕ್ಕ ತೇಲುವ ಎಲೆಯನ್ನೋ ಪಾಚಿಯ ಎಸಳನ್ನೋ ಎರಡು ನಿಮಿಷ ಹಿಂಬಾಲಿಸಿದರೂ ಸಾಕು. ಇಲ್ಲಿ ಉಬ್ಬರ ಇಳಿತದ ಅಂತರ ತೀರ ಕಡಿಮೆ, ಗೇಣಿನ ಲೆಕ್ಕದ್ದು. ಆದ್ದರಿಂದ ನಮ್ಮ ಕರಾವಳಿಯ ಹಾಗೆ ಪಂಚಾಂಗ ನೋಡಿ ಸೆಳೆತ ಹೇಳಲಾಗುವುದಿಲ್ಲ. ಬೆಳಿಗ್ಗೆ ಉತ್ತರಕ್ಕಿದ್ದದ್ದು ಮಧ್ಯಾಹ್ನ ದಕ್ಷಿಣಕ್ಕಿರಬಹುದು. ಪ್ರತಿ ಡೈವಿಗೂ ಹೊಸದಾಗಿ ನೋಡಬೇಕು.

ಎರಡನೆಯದು ಗಾಳಿ. ಬಹಳ ಜನ ಎಡವುವುದು ಇಲ್ಲೇ. ಪೂರ್ವದ ಗಾಳಿ ಎಂದರೆ ಪಶ್ಚಿಮ ದಡದಲ್ಲಿ ಅದು ನೆಲದಿಂದ ಕಡಲಿನ ಕಡೆಗೆ ಬೀಸುವ ಗಾಳಿ. ನೀರು ಕನ್ನಡಿಯಂತೆ ಶಾಂತವಾಗಿ ಕಾಣುವುದೂ ಅದಕ್ಕೇ, ಮೇಲೆದ್ದ ಡೈವರ್ ಮೆಲ್ಲಗೆ ದಡದಿಂದ ದೂರ ಸರಿಯುವುದೂ ಅದಕ್ಕೇ. ಗಾಳಿ ತುಂಬಿದ ಬಿಸಿಡಿ (ತೇಲುವಿಕೆಯನ್ನು ಹೊಂದಿಸುವ ಜಾಕೆಟ್) ಹಾಯಿಯಂತೆ ಕೆಲಸ ಮಾಡುತ್ತದೆ. ಆದ್ದರಿಂದ ಇಲ್ಲಿ ಮರಳುವ ದಾರಿ ನೀರಿನ ಕೆಳಗಿರಬೇಕು, ಮೇಲಲ್ಲ.

ಮೂರನೆಯದು ಅಲೆ. ಸಾಮಾನ್ಯವಾಗಿ ಇಲ್ಲಿ ಅಲೆ ಸಣ್ಣದು. ಆದರೆ ಗಾಳಿ ಎಂದಾದರೂ ತಿರುಗಿ ಪಶ್ಚಿಮದಿಂದ ಬೀಸಿದರೆ, ಅಥವಾ ಎಲ್ಲೋ ದೂರದ ಚಂಡಮಾರುತದ ಉಬ್ಬು ಬಂದರೆ, ಜೆಟ್ಟಿಯ ಏಣಿ ಹತ್ತಲು ಅಸಾಧ್ಯವಾಗುತ್ತದೆ. ಏಣಿಯ ಕೆಳಗಿನ ಮೆಟ್ಟಿಲು ಒಮ್ಮೆ ನೀರಿನಿಂದ ಪೂರ್ತಿ ಹೊರಬಂದು ಮತ್ತೆ ಮುಳುಗುತ್ತಿದ್ದರೆ ಅಂದು ಡೈವ್ ಬೇಡ. ಇಳಿಯುವುದು ಯಾವತ್ತೂ ಸುಲಭವೇ. ಹತ್ತಲು ಆಗುತ್ತದೆಯೇ ಎಂದು ನೋಡಿ ತೀರ್ಮಾನಿಸಿ.

3. ಟ್ಯಾಂಕಿನ ಗಾಳಿಯ ಲೆಕ್ಕವನ್ನು ದಡದಲ್ಲೇ ಬರೆಯಿರಿ

ಸಾಮಾನ್ಯವಾಗಿ ಸಿಗುವ ಅಲ್ಯೂಮಿನಿಯಂ ಟ್ಯಾಂಕಿನ ಒಳ ಅಳತೆ ಸುಮಾರು 11 ಲೀಟರ್. 200 ಬಾರ್ (ಒತ್ತಡದ ಅಳತೆ) ತುಂಬಿದರೆ ಸುಮಾರು 2,200 ಲೀಟರ್ ಗಾಳಿ. ದಡದಲ್ಲಿ ನಿಮಿಷಕ್ಕೆ 20 ಲೀಟರ್ ಉಸಿರಾಡುವವರು 10 ಮೀಟರಿನಲ್ಲಿ 40 ಲೀಟರ್, 20 ಮೀಟರಿನಲ್ಲಿ 60 ಲೀಟರ್ ಬಳಸುತ್ತಾರೆ. ಅಂದರೆ 20 ಮೀಟರ್ ಆಳದಲ್ಲಿ ನಿಮಿಷಕ್ಕೆ ಐದೂವರೆ ಬಾರ್ ಇಳಿಯುತ್ತದೆ, 5 ಮೀಟರಿನಲ್ಲಿ ಮೂರು ಬಾರ್‌ಗೂ ಕಡಿಮೆ. ಇಷ್ಟು ಗೊತ್ತಿದ್ದರೆ ದಾರಿ ತಾನಾಗಿ ಹೊಳೆಯುತ್ತದೆ: ಹೋಗುವಾಗ ಆಳ, ಬರುವಾಗ ಮೇಲು.

ಮೊದಲ ಕೆಲವು ಡೈವಿಗೆ ಈ ಮೂರು ಸಂಖ್ಯೆಗಳನ್ನು ಫಲಕದ ಮೇಲೆ ಬರೆದುಕೊಳ್ಳಿ. 140 ಬಾರ್‌ಗೆ ತಿರುಗು. 100 ಬಾರ್‌ಗೆ ದಿಬ್ಬದ ಅಂಚಿನ ಮೇಲಿರು. 50 ಬಾರ್ ಇರುವಾಗ ಏಣಿ ಹಿಡಿ. ಪಿಎಸ್‌ಐ ಲೆಕ್ಕದ ಅಮೆರಿಕದ ಗೇಜ್ ಆದರೆ ಸರಿಸುಮಾರು 2,000, 1,500, 700. ಇಬ್ಬರಲ್ಲಿ ಯಾರದು ಮೊದಲು 140ಕ್ಕೆ ಬರುತ್ತದೋ ಅವರು ತೋರುಬೆರಳನ್ನು ಸುತ್ತ ತಿರುಗಿಸಿ ತೋರಿಸಬೇಕು, ಇನ್ನೊಬ್ಬರು ಚೌಕಾಸಿ ಮಾಡದೆ ತಿರುಗಬೇಕು. ‘ಅರ್ಧ ಟ್ಯಾಂಕ್ ಹೋಗಲು, ಅರ್ಧ ಬರಲು’ ಎಂಬ ಲೆಕ್ಕ ಬೇಡವೇ ಬೇಡ. ಅದರಲ್ಲಿ ಸೆಳೆತಕ್ಕೆ, ದಾರಿ ತಪ್ಪುವುದಕ್ಕೆ, ಜೊತೆಗಾರನ ಗಾಳಿ ಮುಗಿಯುವುದಕ್ಕೆ ಒಂದು ಬಾರ್ ಕೂಡ ಉಳಿದಿರುವುದಿಲ್ಲ.

ಬೊನೇರ್‌ನಲ್ಲಿ ನೈಟ್ರಾಕ್ಸ್ (ಆಮ್ಲಜನಕ ಹೆಚ್ಚಿಸಿದ ಗಾಳಿ) ಧಾರಾಳವಾಗಿ ಸಿಗುತ್ತದೆ. ಅದಕ್ಕೆ ತರಬೇತಿ ಆಗಿದ್ದರೆ ಬಳಸಿ. ದಿನಕ್ಕೆ ಮೂರು ನಾಲ್ಕು ಡೈವ್ ಮಾಡುವವರಿಗೆ ಒಳ್ಳೆಯದೇ. ಆದರೆ ಟ್ಯಾಂಕನ್ನು ನೀವೇ ಅಳೆದು, ಶೇಕಡಾವಾರು ಮತ್ತು ಗರಿಷ್ಠ ಆಳವನ್ನು ಪಟ್ಟಿಯ ಮೇಲೆ ಬರೆದು, ಕಂಪ್ಯೂಟರಿನಲ್ಲೂ ಬದಲಿಸಿ. 32 ಶೇಕಡಾ ಆಮ್ಲಜನಕಕ್ಕೆ ಮಿತಿ ಸುಮಾರು 33 ಮೀಟರ್.

4. ತೂಕವನ್ನು ಜೆಟ್ಟಿಯ ಪಕ್ಕದಲ್ಲೇ ಸರಿಮಾಡಿಕೊಳ್ಳಿ

ಹೊಸಬರು ಹೆಚ್ಚಾಗಿ ಎರಡು ಮೂರು ಕಿಲೋ ಹೆಚ್ಚು ಸೀಸ ಕಟ್ಟಿಕೊಳ್ಳುತ್ತಾರೆ. ಬಾಡಿಗೆಯ ಸೂಟಿಗೆ ಹೆದರಿ ಒಂದು, ಇರಲಿ ಎಂದು ಇನ್ನೊಂದು. ಹೀಗೆ ಭಾರವಾದವರು ಬಿಸಿಡಿಗೆ ಗಾಳಿ ತುಂಬುತ್ತಲೇ ಇರಬೇಕಾಗುತ್ತದೆ, ಕಾಲು ಕೆಳಗೆ ಜೋತು ಹವಳಕ್ಕೆ ತಾಗುತ್ತದೆ, ಗಾಳಿ ಬೇಗ ಖಾಲಿಯಾಗುತ್ತದೆ. ಏಣಿಗೆ ಮುಟ್ಟಲಾಗದವರಲ್ಲಿ ಎಷ್ಟೋ ಮಂದಿಯ ತೊಂದರೆ ಇಲ್ಲಿಂದಲೇ ಶುರುವಾಗಿರುತ್ತದೆ.

ಪರೀಕ್ಷೆ ಹೀಗೆ. ಏಣಿಯ ಪಕ್ಕ, ಕಾಲು ಮುಟ್ಟದಷ್ಟು ನೀರಿನಲ್ಲಿ, ಎಲ್ಲ ಸಲಕರಣೆಯೊಂದಿಗೆ ನೇರವಾಗಿ ನಿಲ್ಲಿ. ರೆಗ್ಯುಲೇಟರ್ (ಟ್ಯಾಂಕಿನ ಗಾಳಿಯನ್ನು ಉಸಿರಾಟಕ್ಕೆ ಕೊಡುವ ಸಾಧನ) ಬಾಯಲ್ಲಿರಲಿ. ಬಿಸಿಡಿಯ ಗಾಳಿ ಪೂರ್ತಿ ಬಿಡಿ. ಸಾಧಾರಣ ಉಸಿರನ್ನು ಒಳಗೆಳೆದು ಹಿಡಿದರೆ ನೀರಿನ ಮಟ್ಟ ಕಣ್ಣಿನ ನೇರಕ್ಕೆ ಬರಬೇಕು, ಉಸಿರು ಬಿಟ್ಟರೆ ನಿಧಾನವಾಗಿ ಮುಳುಗಬೇಕು. ಕಲ್ಲಿನಂತೆ ಇಳಿದರೆ ಒಂದು ಕಿಲೋ ತೆಗೆದು ಮತ್ತೆ ನೋಡಿ. ತುಂಬಿದ ಟ್ಯಾಂಕಿನಲ್ಲಿ ಇದು ಸರಿಹೊಂದಿದ ಮೇಲೆ 2 ಕಿಲೋ ಸೇರಿಸಿ. ಡೈವ್ ಮುಗಿಯುವ ಹೊತ್ತಿಗೆ ಖರ್ಚಾಗುವ ಗಾಳಿಯ ತೂಕ ಅಷ್ಟಿರುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಕೊನೆಗೆ 5 ಮೀಟರಿನಲ್ಲಿ ನಿಲ್ಲಲಾರದೆ ಬೆಂಡಿನಂತೆ ಮೇಲೆ ಬರುತ್ತೀರಿ.

5. ನೀರಿಗಿಳಿಯುವ ಕ್ರಮ

ಜೊತೆಗಾರನ ತಪಾಸಣೆ ಮೊದಲು. ಒಬ್ಬರ ಸಲಕರಣೆಯನ್ನು ಇನ್ನೊಬ್ಬರು ಕೈಯಿಂದ ಮುಟ್ಟಿ ನೋಡಬೇಕು. ಟ್ಯಾಂಕಿನ ವಾಲ್ವ್ ಪೂರ್ತಿ ತೆರೆದಿದೆಯೇ ಎಂದು ತಿಳಿಯಲು ಗೇಜ್ ನೋಡುತ್ತ ನಾಲ್ಕು ಸಲ ಉಸಿರೆಳೆಯಿರಿ. ಮುಳ್ಳು ಅಲುಗಾಡಿದರೆ ವಾಲ್ವ್ ಅರೆಬರೆ ತೆರೆದಿದೆ ಎಂದರ್ಥ.

ಜೆಟ್ಟಿಯಿಂದ ಇಳಿಯುವುದಾದರೆ: ಕೆಳಗೆ ಯಾರೂ ಇಲ್ಲ, ಆಳ ಸಾಕಷ್ಟಿದೆ ಎಂದು ನೋಡಿ. ಬಿಸಿಡಿ ಅರ್ಧ ತುಂಬಿ. ಒಂದು ಅಂಗೈಯಿಂದ ಮಾಸ್ಕ್ ಮತ್ತು ರೆಗ್ಯುಲೇಟರ್ ಒತ್ತಿಹಿಡಿದು, ಇನ್ನೊಂದರಿಂದ ಜೋತುಬಿದ್ದ ಪೈಪುಗಳನ್ನು ಹಿಡಿದು, ಮುಂದೆ ದಿಗಂತ ನೋಡುತ್ತ ದೊಡ್ಡ ಹೆಜ್ಜೆ ಇಡಿ. ಹಾರಬೇಡಿ. ಬಿದ್ದ ತಕ್ಷಣ ಸಂಜ್ಞೆ ಕೊಟ್ಟು ಜಾಗ ಬಿಡಿ. ಜೆಟ್ಟಿಯ ಕಂಬಗಳನ್ನು ಹಿಡಿಯಬೇಡಿ. ಅವುಗಳ ಮೇಲೆ ಸಾಸಿವೆ ಬಣ್ಣದ, ಅಂಚು ಬೆಳ್ಳಗಿರುವ ತೆಳು ಪದರ ಕಂಡರೆ ಅದು ಬೆಂಕಿಹವಳ. ಚರ್ಮಕ್ಕೆ ತಾಗಿದರೆ ತುರಿಕೆ ಗಿಡ ತಗುಲಿದ ಹಾಗೆ ಉರಿಯುತ್ತದೆ, ಆ ಉರಿ ದಿನಗಟ್ಟಲೆ ಇರುತ್ತದೆ.

ದಡದಿಂದ ನಡೆದು ಇಳಿಯುವುದಾದರೆ ಕ್ರಮ ಬೇರೆ. ಫಿನ್ ಕೈಯಲ್ಲಿರಲಿ, ಕಾಲಿನಲ್ಲಿ ಬೇಡ. ಫಿನ್ ಹಾಕಿಕೊಂಡು ಮುಂದಕ್ಕೆ ನಡೆಯುವುದು ಬೀಳುವುದಕ್ಕೆ ಖಚಿತ ದಾರಿ. ಇಬ್ಬರೂ ಅಕ್ಕಪಕ್ಕ, ಒಬ್ಬರ ಭುಜದ ಮೇಲೆ ಇನ್ನೊಬ್ಬರ ಕೈ. ಪಾದವನ್ನು ಎತ್ತಿ ಇಡದೆ ತಡವುತ್ತ ಸರಿಸಿ. ನೀರು ಮುಟ್ಟುವ ಜಾಗದ ಬಂಡೆಯ ಮೇಲೆ ಪಾಚಿ ಇರುತ್ತದೆ. ಮೊದಲ ಐದು ಹೆಜ್ಜೆಗಳಲ್ಲೇ ಹೆಚ್ಚಿನವರು ಬೀಳುವುದು. ಮಾಸ್ಕ್ ಮುಖದ ಮೇಲಿರಲಿ, ಹಣೆಯ ಮೇಲೆ ಬೇಡ. ಅಲೆ ಬಂದರೆ ಮೊದಲು ಹೋಗುವುದು ಅದೇ. ಸೊಂಟದವರೆಗೆ ನೀರು ಬಂದಾಗ ಬಿಸಿಡಿಗೆ ಗಾಳಿ ತುಂಬಿ, ಜೊತೆಗಾರನನ್ನು ಹಿಡಿದು ನಾಲ್ಕರ ಆಕಾರದಲ್ಲಿ ಕಾಲು ಮಡಚಿ ಒಂದೊಂದಾಗಿ ಫಿನ್ ಹಾಕಿ, ಕೂಡಲೇ ಮೈಚಾಚಿ ತೇಲಿ ಮುಂದಕ್ಕೆ ಹೊರಡಿ. ಅಲೆ ಒಡೆಯುವ ಜಾಗದಲ್ಲಿ ನಿಂತು ಪಟ್ಟಿ ಸರಿಮಾಡಿಕೊಳ್ಳಬೇಡಿ. ಆಯ ತಪ್ಪಿದರೂ ಮಂಡಿ, ಅಂಗೈ ಊರಬೇಡಿ. ಕಲ್ಲಿನ ಸಂದಿಯಲ್ಲಿ ಉದ್ದ ಕರಿಮುಳ್ಳಿನ ಅರ್ಚಿನ್‌ಗಳಿರುತ್ತವೆ, ಕಲ್ಲಿನಂತೆಯೇ ಕಾಣುವ ಚೇಳುಮೀನೂ ಇರಬಹುದು.

6. ಅಂಚಿನವರೆಗಿನ ದಾರಿ, ಮತ್ತು ಗುರುತು

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹಂತ ಓದಲು ಸಮಯವಿದ್ದರೆ ಇದನ್ನು ಓದಿ.

ಈ ದಡದ ದಿಬ್ಬಗಳ ರಚನೆ ಹೆಚ್ಚುಕಡಿಮೆ ಒಂದೇ ತರಹ. ದಡದಿಂದ ಮರಳು ಮತ್ತು ಹವಳದ ಚೂರಿನ ಒಂದು ಚಪ್ಪಟೆ ಹಾಸು, ಅದು ಸುಮಾರು 9ರಿಂದ 12 ಮೀಟರ್ ಆಳಕ್ಕೆ ತಲುಪಿದಾಗ ಒಂದು ಅಂಚು, ಅಂಚಿನಾಚೆ ಇಳಿಜಾರು. ಹವಳದ ಸಂತೆ ನೆರೆದಿರುವುದು ಆ ಅಂಚಿನ ಸುತ್ತ.

ಗಾಳಿ ಉಳಿಸಲು ಅನೇಕರು ಮೇಲೆಯೇ ಈಜಿ ಬೋಯ್‌ವರೆಗೆ ಹೋಗಿ ಅಲ್ಲಿ ಮುಳುಗುತ್ತಾರೆ. ಅಂಚು ತೀರ ದೂರವಿಲ್ಲದಿದ್ದರೆ ನಾನು ಇದನ್ನು ಒಪ್ಪುವುದಿಲ್ಲ. ಏಣಿಯ ಬುಡದಲ್ಲೇ ಮುಳುಗಿ, ನೆಲದ ಮೇಲಿನಿಂದ ಹೋಗಿ. ಮರಳಿ ಬರಬೇಕಾದದ್ದು ಇದೇ ನೆಲದ ಮೇಲಿನಿಂದ. ಅದನ್ನು ಒಮ್ಮೆಯೂ ನೋಡದವರಿಗೆ ಅದರ ಗುರುತು ಸಿಗುವುದು ಹೇಗೆ?

ಮೂರು ನಾಲ್ಕು ಮೀಟರಿನಲ್ಲಿ ನಿಂತು ಪರಸ್ಪರ ಗುಳ್ಳೆ ಸೋರುತ್ತಿದೆಯೇ ನೋಡಿ. ಆಮೇಲೆ ದಿಕ್ಸೂಚಿಯನ್ನು ಜೆಟ್ಟಿಯಿಂದ ನೇರ ಹೊರಮುಖವಾಗಿ ಹಿಡಿದು ಅಂಕಿ ಬರೆದುಕೊಳ್ಳಿ. ಅದು ಸುಮಾರಾಗಿ ಪಶ್ಚಿಮಕ್ಕಿರುತ್ತದೆ. ಕಾರವಾರದಿಂದ ಉಳ್ಳಾಲದವರೆಗಿನ ನಮ್ಮ ಕರಾವಳಿಯವರಿಗೆ ಇದು ಮೈಗೂಡಿದ ಲೆಕ್ಕ: ಕಡಲು ಪಡುವಣಕ್ಕೆ, ಮನೆ ಮೂಡಣಕ್ಕೆ. ಎಷ್ಟೇ ಗೊಂದಲವಾದರೂ ಪೂರ್ವಕ್ಕೆ ತಿರುಗಿದರೆ ದಡ ಸಿಗುತ್ತದೆ ಎಂಬುದನ್ನು ನೆನಪಿಡಿ. ಅಂಚಿನವರೆಗೆ ಎಷ್ಟು ಸಲ ಬಲಗಾಲು ಬಡಿದಿರಿ ಎಂದು ಎಣಿಸಿ. ಮೂವತ್ತೋ ಐವತ್ತೋ, ಫಲಕದ ಮೇಲೆ ಬರೆಯಿರಿ.

ಅಂಚು ಮುಟ್ಟಿದ ಕೂಡಲೇ ಇಳಿಯಬೇಡಿ. ಹಿಂದಕ್ಕೆ ತಿರುಗಿ. ಬಂದ ದಾರಿ ಮರಳುವವನ ಕಣ್ಣಿಗೆ ಹೇಗೆ ಕಾಣುತ್ತದೆ ಎಂದು ಒಂದು ನಿಮಿಷ ನೋಡಿ. ನಂತರ ಗುರುತು ಆರಿಸಿ. ನನ್ನ ಮೊದಲ ಡೈವಿನಲ್ಲಿ ಅಂಚಿನ ಮೇಲಿದ್ದ ಹಳದಿ ಕೊಳವೆ ಸ್ಪಂಜನ್ನು ಗುರುತಾಗಿ ಹಿಡಿದಿದ್ದೆ. ಐದು ಕೊಳವೆ, ಮೊಣಕೈ ಎತ್ತರ, ಮರೆಯುವ ಮಾತೇ ಇಲ್ಲ ಎಂದುಕೊಂಡಿದ್ದೆ. ಮರಳುವಾಗ ಅಂಥದೇ ಸ್ಪಂಜು ಹತ್ತು ಹದಿನೈದು ಕಡೆ ಕಂಡವು. ನಾನೂ ಜೊತೆಗಾರನೂ ಮೂರನೆಯದರ ಹತ್ತಿರ ದಡಕ್ಕೆ ತಿರುಗಿ, ಎರಡು ಜೆಟ್ಟಿಗಳಾಚೆ ತಲೆ ಎತ್ತಿದೆವು. ಜೀವಿಗಳನ್ನು ಗುರುತಾಗಿ ಇಟ್ಟುಕೊಳ್ಳಬಾರದು ಎಂಬುದು ಅಂದಿನ ಪಾಠ. ಲಂಗರಿನ ಸಿಮೆಂಟ್ ದಿಮ್ಮಿ, ಅದರ ಸರಪಳಿ, ಮುಳುಗಿದ ಕಂಬ, ಮರಳು ನಾಲೆಯಂತೆ ಅಂಚನ್ನು ಸೀಳಿಕೊಂಡು ಇಳಿದಿರುವ ಜಾಗ, ಇವು ನಂಬಿಕೆಯ ಗುರುತುಗಳು.

ದಿಮ್ಮಿಯ ಹತ್ತಿರ ಹೋದಾಗ ಅದರ ಪಕ್ಕದ ಗೋಡೆಯನ್ನು ನೋಡಿ. ಅಂಗೈಯಗಲದ ನೇರಳೆ ಕಲೆ ಕಂಡರೆ, ಮತ್ತು ಬೆರಳುದ್ದದ ಪಟ್ಟೆ ಮೀನೊಂದು ಮೈ ಕಪ್ಪಗಾಗಿಸಿಕೊಂಡು ನಿಮ್ಮ ಮಾಸ್ಕಿಗೇ ನುಗ್ಗಿ ಬಂದರೆ, ಅದು ಸಾರ್ಜೆಂಟ್ ಮೇಜರ್ ಮೀನಿನ ಗಂಡು, ಆ ಕಲೆ ಅದು ಕಾಯುತ್ತಿರುವ ಮೊಟ್ಟೆಗಳು. ಒಂದೊಂದು ಮೊಟ್ಟೆಯೂ ರಾಗಿ ಕಾಳಿಗಿಂತ ಸಣ್ಣದು. ಒಂದು ವಾರದೊಳಗೆ ಅವು ಒಡೆದು ಕಲೆ ಇಲ್ಲವಾಗುತ್ತದೆ. ಆ ಮೀನನ್ನು ಅಲ್ಲಿಂದ ಓಡಿಸಿದರೆ ಬೇರೆ ಮೀನುಗಳು ಕ್ಷಣಾರ್ಧದಲ್ಲಿ ಮೊಟ್ಟೆ ತಿಂದು ಮುಗಿಸುತ್ತವೆ. ಎರಡು ಮಾರು ದೂರದಿಂದಲೇ ದಿಮ್ಮಿಯನ್ನು ಗುರುತಿಟ್ಟು ಹೊರಡಿ.

ಅಂಚಿನ ಆಳವನ್ನೂ ಬರೆಯಿರಿ. ಮರಳುವಾಗ ಅದೇ ಆಳ ಹಿಡಿದು ಬಂದರೆ ಗುರುತು ಎದುರಿಗೆ ಸಿಗುತ್ತದೆ, ಮೇಲೆ ಅಥವಾ ಕೆಳಗೆ ಹಾದುಹೋಗುವುದಿಲ್ಲ.

7. ಹೋಗುವ ದಾರಿ ಸೆಳೆತದ ಎದುರಿಗೆ

ಜೆಟ್ಟಿಯ ಮೇಲೆ ನಿಂತು ನೋಡಿದ ಸೆಳೆತವನ್ನು ಇಲ್ಲಿ ಮತ್ತೆ ಪರೀಕ್ಷಿಸಿ. ಮೆತ್ತನೆಯ ಗರಿಹವಳಗಳು ಯಾವ ಕಡೆ ಬಾಗಿವೆ, ನೀವು ಅಲುಗಾಡದೆ ಹತ್ತು ಉಸಿರು ತೇಲಿದರೆ ಯಾವ ಕಡೆ ಸರಿಯುತ್ತೀರಿ ನೋಡಿ. ಮೇಲಿನ ನೀರಿಗೂ ಕೆಳಗಿನದಕ್ಕೂ ಕೆಲವೊಮ್ಮೆ ತಾಳಮೇಳ ಇರುವುದಿಲ್ಲ. ಸೆಳೆತ ಯಾವ ಕಡೆಯಿಂದ ಬರುತ್ತಿದೆಯೋ ಆ ಕಡೆಗೇ ಹೊರಡಿ. ಮೈಯಲ್ಲಿ ಕಸುವಿರುವಾಗ ಎದುರು ಈಜುವುದು, ದಣಿದಾಗ ನೀರೇ ಮನೆಗೆ ತಳ್ಳುವುದು.

ಎದುರು ಈಜುವಾಗ ಏದುಸಿರು ಬಂದರೆ, ತಲೆನೋವು ಶುರುವಾದರೆ, ಅದು ಎಚ್ಚರಿಕೆ. ನಿಲ್ಲಿ, ಮರಳಿನ ಮೇಲೆ ತೇಲುತ್ತ ಉಸಿರು ಹದಕ್ಕೆ ಬರಲಿ. ಬರದಿದ್ದರೆ ಡೈವ್ ಅಲ್ಲಿಗೆ ಸಾಕು. ಮೊದಲ ಡೈವಿನಲ್ಲಿ 18 ಮೀಟರ್ ದಾಟಬೇಡಿ. ನೀರು ತಿಳಿಯಾಗಿರುವುದರಿಂದ ಆಳ ಗೊತ್ತೇ ಆಗುವುದಿಲ್ಲ. ಕಣ್ಣನ್ನು ನಂಬದೆ ಕಂಪ್ಯೂಟರ್ ನೋಡಿ.

8. ತಿರುಗಿದ ಮೇಲೆ

140 ಬಾರ್‌ಗೆ ತಿರುಗಿ ನಿಧಾನವಾಗಿ ಇಳಿಜಾರು ಏರುತ್ತ ಬನ್ನಿ. ಹೋಗುವಾಗ ದಿಬ್ಬ ಬಲಭುಜಕ್ಕಿದ್ದರೆ ಈಗ ಎಡಭುಜಕ್ಕೆ. ಅಂಚಿನ ಆಳಕ್ಕೆ ಬಂದು ಅದನ್ನೇ ಹಿಡಿಯಿರಿ. ಸೆಳೆತ ಬೆನ್ನಿಗಿರುವುದರಿಂದ ಹೋದ ಸಮಯಕ್ಕಿಂತ ಬೇಗ ಗುರುತು ಬರುತ್ತದೆ ಎಂಬುದನ್ನು ಮರೆಯಬೇಡಿ. ಹದಿನೈದು ನಿಮಿಷ ಹೋಗಿದ್ದರೆ ಎಂಟನೆಯ ನಿಮಿಷದಿಂದಲೇ ಹುಡುಕಲು ತೊಡಗಿ. ಹೆಚ್ಚಿನವರು ಗುರುತನ್ನು ದಾಟಿಹೋಗುವುದು ಈ ಕಾರಣಕ್ಕೆ.

ಗುರುತು ಸಿಕ್ಕ ಮೇಲೆ ಪೂರ್ವಕ್ಕೆ ತಿರುಗಿ ಹಾಸಿನ ಮೇಲೆ ಬನ್ನಿ. 5 ಮೀಟರಿನಲ್ಲಿ ಮೂರು ನಿಮಿಷದ ಸುರಕ್ಷತಾ ನಿಲುಗಡೆಯನ್ನು ಇಲ್ಲಿ ಹಗ್ಗ ಹಿಡಿದು ಬೇಸರದಿಂದ ಕಳೆಯಬೇಕಿಲ್ಲ. ಆ ಆಳದಲ್ಲಿ ಹತ್ತು ನಿಮಿಷ ಸುಮ್ಮನೆ ಅಡ್ಡಾಡಿ. ಮರಳಿನಿಂದ ಇಣುಕುವ ಈಲುಗಳು, ಗಿಳಿಮೀನು ಹವಳ ಕಡಿಯುವ ಕಟಕಟ ಸದ್ದು, ಎಲ್ಲವೂ ಇಲ್ಲಿವೆ. ದೇಹಕ್ಕೂ ಇದು ಒಳ್ಳೆಯದು.

ಗುರುತು ಸಿಗಲೇ ಇಲ್ಲ ಎನ್ನಿ. ಹೊತ್ತು ಮೀರಿತು, ಏನೂ ಪರಿಚಿತವಾಗಿ ಕಾಣುತ್ತಿಲ್ಲ. ಮೊದಲು ಮಾಡಬಾರದ್ದು: ಅಂಚಿನಾಚೆಯ ನೀಲಿಯಲ್ಲಿ ಇದ್ದಲ್ಲಿಂದಲೇ ಮೇಲೇಳುವುದು. ಅಲ್ಲಿ ದೋಣಿಗಳಿವೆ, ಗಾಳಿ ಹೊರಕ್ಕೆ ತಳ್ಳುತ್ತದೆ. ಪೂರ್ವಕ್ಕೆ ತಿರುಗಿ, ಹಾಸಿನ ಮೇಲೆ 5 ಮೀಟರ್ ಆಳಕ್ಕೆ ಬನ್ನಿ. ನಿಲುಗಡೆ ಮುಗಿಸಿ, ತೇಲುಚೀಲ ಮೇಲೆ ಬಿಟ್ಟು, ಅದರ ಕೆಳಗೆ ನಿಧಾನವಾಗಿ ತಲೆ ಎತ್ತಿ ಜೆಟ್ಟಿ ಎಲ್ಲಿದೆ ನೋಡಿ, ದಿಕ್ಸೂಚಿ ಅದರತ್ತ ಹಿಡಿಯಿರಿ. 70 ಬಾರ್‌ಗಿಂತ ಹೆಚ್ಚಿದ್ದರೆ ಮತ್ತೆ ಮೂರು ನಾಲ್ಕು ಮೀಟರಿಗೆ ಇಳಿದು ಆ ದಿಕ್ಕಿನಲ್ಲಿ ಈಜಿ. ಕಡಿಮೆಯಿದ್ದರೆ ಮೇಲೆಯೇ ಇದ್ದು, ದಡಕ್ಕೆ ಅಂಟಿಕೊಂಡು, ಬೆನ್ನ ಮೇಲೆ ಮಲಗಿ ಸಮಾಧಾನವಾಗಿ ಕಾಲು ಬಡಿಯಿರಿ. ಪಕ್ಕದ ಜೆಟ್ಟಿ ಹತ್ತಿರವಿದ್ದರೆ ಅಲ್ಲೇ ಹತ್ತಿ ರಸ್ತೆಯಲ್ಲಿ ನಡೆದುಬನ್ನಿ. ಬೂಟು ಗಟ್ಟಿಯಾಗಿರಬೇಕು ಎಂದದ್ದು ಇದಕ್ಕೂ ಸೇರಿ.

9. ಏಣಿ ಹತ್ತುವುದು

ಒಂದು ಕೈಯಲ್ಲಿ ಏಣಿ ಹಿಡಿದ ಮೇಲೆಯೇ ಫಿನ್ ಬಿಚ್ಚಿ. ಮೊದಲೇ ಬಿಚ್ಚಿದರೆ ನೀರಿನಲ್ಲಿ ನಿಮಗೆ ಕಾಲಿದ್ದೂ ಇಲ್ಲದ ಹಾಗೆ. ಪಟ್ಟಿಯನ್ನು ಮಣಿಕಟ್ಟಿಗೆ ತೊಡಿಸಿಕೊಳ್ಳಿ. ಮಾಸ್ಕ್ ಮತ್ತು ರೆಗ್ಯುಲೇಟರ್ ಜೆಟ್ಟಿಯ ಹಲಗೆ ಮುಟ್ಟುವವರೆಗೂ ಇದ್ದಲ್ಲೇ ಇರಲಿ. ಜಾರಿ ಹಿಂದಕ್ಕೆ ಬಿದ್ದರೆ ಉಸಿರು ಬಾಯಲ್ಲೇ ಇರುತ್ತದೆ. ಒಬ್ಬರು ಪೂರ್ತಿ ಹತ್ತುವವರೆಗೆ ಇನ್ನೊಬ್ಬರು ಏಣಿಯ ಕೆಳಗೆ ಬರಬಾರದು. ಟ್ಯಾಂಕ್ ಹೊತ್ತ ಮನುಷ್ಯ ಮೇಲೆ ಬಿದ್ದರೆ ಕುತ್ತಿಗೆಗೆ ಪೆಟ್ಟು. ಅಲೆ ಇದ್ದರೆ, ಅದು ನಿಮ್ಮನ್ನು ಎತ್ತಿದಾಗ ಹೆಜ್ಜೆ ಇಡಿ. ಬಹಳ ದಣಿದಿದ್ದರೆ ಸೀಸವನ್ನೂ ಬಿಸಿಡಿಯನ್ನೂ ನೀರಿನಲ್ಲೇ ಕಳಚಿ ಮೇಲಿದ್ದವರಿಗೆ ಕೊಡಿ. ಬೆನ್ನು ನೋವಿರುವವರು ಮೊದಲಿನಿಂದಲೇ ಹೀಗೆ ಮಾಡುವುದು ಒಳಿತು.

10. ದಡದಲ್ಲಿ ಮಾಡಬೇಕಾದದ್ದು

ಸಲಕರಣೆ ತೊಳೆಯುವ ತೊಟ್ಟಿಯ ಪಕ್ಕ ಸೋಂಕುನಿವಾರಕ ಇಟ್ಟಿದ್ದರೆ ಬಳಸಿ. ಗಟ್ಟಿ ಹವಳದ ಮಾಂಸವನ್ನೇ ಕಳಚಿಹಾಕುವ ರೋಗವೊಂದು ಕೆರಿಬಿಯನ್‌ನಲ್ಲಿ ಹಬ್ಬಿ, 2023ರಲ್ಲಿ ಬೊನೇರ್‌ಗೂ ಬಂದಿದೆ. ಮಿದುಳಿನ ಆಕಾರದ ಹವಳದ ಮೇಲೆ ಸುಣ್ಣ ಬಳಿದಂಥ ಬಿಳಿ ಮಚ್ಚೆ ಹರಡುತ್ತ ಹೋಗಿ, ನೂರಾರು ವರ್ಷ ಬೆಳೆದದ್ದು ಕೆಲವೇ ವಾರ ತಿಂಗಳುಗಳಲ್ಲಿ ಸಾಯುತ್ತದೆ. ಒದ್ದೆ ಸಲಕರಣೆಯನ್ನು ಒಂದು ಜಾಗದಿಂದ ಇನ್ನೊಂದಕ್ಕೆ ಹಾಗೆಯೇ ಒಯ್ಯಬೇಡಿ. ಕಷ್ಟದ ಕೆಲಸವೇನಲ್ಲ, ಐದು ನಿಮಿಷದ್ದು. ಇದನ್ನು ಬಿಡಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಡೈವ್ ಪುಸ್ತಕದಲ್ಲಿ ಮೀನಿನ ಹೆಸರಿಗಿಂತ ಮೊದಲು ಇವನ್ನು ಬರೆಯಿರಿ: ದಿಕ್ಕಿನ ಅಂಕಿ, ಕಾಲಿನ ಎಣಿಕೆ, ಅಂಚಿನ ಆಳ, ಗುರುತು, ಸೆಳೆತ ಎತ್ತ ಇತ್ತು, ಏಣಿ ಹಿಡಿದಾಗ ಎಷ್ಟು ಬಾರ್ ಉಳಿದಿತ್ತು. ಮೂರನೆಯ ಡೈವಿಗೆ ನಿಮ್ಮದೇ ನಕ್ಷೆ ಕೈಯಲ್ಲಿರುತ್ತದೆ.

ಎರಡು ಡೈವ್‌ಗಳ ನಡುವೆ ಕನಿಷ್ಠ ಒಂದು ಗಂಟೆ ಬಿಡಿ, ನೀರು ಕುಡಿಯುತ್ತಿರಿ. ಟ್ಯಾಂಕುಗಳು ಬಾಗಿಲಲ್ಲೇ ಇರುತ್ತವೆ, ಕಡಲು ಕರೆಯುತ್ತದೆ, ನಾಲ್ಕನೆಯ ದಿನಕ್ಕೆ ಮೈಯಲ್ಲಿ ಸಾರಜನಕ ಶೇಖರವಾಗಿರುತ್ತದೆ. ಕೀಲು ನೋವು, ಚರ್ಮದ ಮೇಲೆ ಚುಕ್ಕೆಚುಕ್ಕೆ ನೇರಳೆ ಕಲೆ, ಕೈಕಾಲು ಜುಮ್ಮೆನ್ನುವುದು, ತಲೆಸುತ್ತು, ವಿವರಿಸಲಾಗದ ಸುಸ್ತು ಕಂಡರೆ ‘ಏಣಿ ಹತ್ತಿದ್ದಕ್ಕೆ ಹೀಗಾಗಿರಬೇಕು’ ಎಂದು ಸಮಾಧಾನ ಹೇಳಿಕೊಳ್ಳಬೇಡಿ. ಮಲಗಿಸಿ, ಆಮ್ಲಜನಕ ಕೊಡಿಸಿ, ಕೂಡಲೇ ಆಸ್ಪತ್ರೆಗೆ ಕರೆ ಮಾಡಿ. ಮತ್ತೆ ನೀರಿಗಿಳಿದರೆ ಸರಿಹೋಗುತ್ತದೆ ಎಂದು ಯಾರಾದರೂ ಹೇಳಿದರೆ ಕೇಳಬೇಡಿ.

ರಾತ್ರಿ ಇಳಿಯುವವರಿಗೆ

ಹಗಲು ಅದೇ ದಾರಿಯಲ್ಲಿ ಮೂರು ಸಲ ತಪ್ಪದೆ ಮರಳಿದ ಮೇಲೆಯೇ ರಾತ್ರಿಯ ವಿಚಾರ. ಬೊನೇರ್ ಇರುವುದು ಹೆಚ್ಚುಕಡಿಮೆ ನಮ್ಮ ಮೈಸೂರಿನ ಅಕ್ಷಾಂಶದಲ್ಲಿ. ಸೂರ್ಯ ಮುಳುಗಿದ ಮೇಲೆ ಕತ್ತಲು ಬೇಗ ಕವಿಯುತ್ತದೆ. ಬೆಳಕಿರುವಾಗಲೇ ಇಳಿದು, ಕತ್ತಲಾಗುವ ಹೊತ್ತಿಗೆ ಅಂಚಿನ ಮೇಲಿರಿ. ಒಬ್ಬೊಬ್ಬರಿಗೂ ಎರಡು ಟಾರ್ಚು. ಏಣಿಯ ಬುಡಕ್ಕೆ ಮಿನುಗುವ ಬ್ಯಾಟರಿ ದೀಪವೊಂದನ್ನು ಕಟ್ಟಿ; ರಾಸಾಯನಿಕ ಬೆಳಕಿನ ಕಡ್ಡಿಗಳಿಗೆ ಅಲ್ಲಿ ಅನುಮತಿಯಿಲ್ಲ. ಹಗಲಿನ ಅರ್ಧದಷ್ಟೇ ದೂರ ಹೋಗಿ.

ಆಳೆತ್ತರದ ಬೆಳ್ಳಿ ಬಣ್ಣದ ಟಾರ್ಪನ್ ಮೀನುಗಳು ಹೆಗಲ ಪಕ್ಕದಿಂದ ದಿಢೀರನೆ ಹಾಯುತ್ತವೆ. ಮೊದಲ ಸಲ ಎದೆ ಝಲ್ಲೆನ್ನುತ್ತದೆ. ಅವು ಬಂದಿರುವುದು ನಿಮ್ಮ ಟಾರ್ಚಿಗೆ. ಬೆಳಕು ಬಿದ್ದ ಸಣ್ಣ ಮೀನನ್ನು ಕಚ್ಚಿ ಹೋಗುತ್ತವೆ. ಮಲಗಿರುವ ಮೀನಿನ ಮೇಲೆ ಬೆಳಕು ನಿಲ್ಲಿಸಬೇಡಿ, ಅದರ ಪ್ರಾಣಕ್ಕೆ ನೀವು ಕಾರಣರಾಗುತ್ತೀರಿ. ಹುಣ್ಣಿಮೆ ಕಳೆದ ಎರಡು ಮೂರು ದಿನಕ್ಕೆ ನೀವಲ್ಲಿದ್ದರೆ, ಪೂರ್ತಿ ಕತ್ತಲಾದ ಮೇಲೆ, ಚಂದ್ರ ಏಳುವ ಮೊದಲು, ಟಾರ್ಚನ್ನು ಎದೆಗೆ ಒತ್ತಿ ಸುಮ್ಮನೆ ತೇಲಿ. ಆಸ್ಟ್ರಕಾಡ್ ಎಂಬ ಸಾಸಿವೆ ಕಾಳಿಗಿಂತ ಸಣ್ಣ ಜೀವಿಗಳ ಗಂಡುಗಳು ನೀಲಿ ಬೆಳಕಿನ ಚುಕ್ಕೆಗಳನ್ನು ಒಂದರ ಮೇಲೊಂದು ಬಿಡುತ್ತ ಮೇಲೇರುತ್ತವೆ. ಕತ್ತಲಲ್ಲಿ ಮಣಿಸರ ಪೋಣಿಸಿದಂತೆ ಕಾಣುತ್ತದೆ. ಆಗಲೂ ನಡುನಡುವೆ ಗೇಜ್ ನೋಡಿ, ಜೊತೆಗಾರನ ತೋಳು ಹಿಡಿದಿರಿ.

ಕೊನೆಯ ದಿನ

ಹಲವು ದಿನ ಡೈವ್ ಮಾಡಿದವರು ಕೊನೆಯ ಡೈವಿಗೂ ವಿಮಾನಕ್ಕೂ ನಡುವೆ ಕನಿಷ್ಠ 18 ಗಂಟೆ ಬಿಡಬೇಕು. ನಾನು 24 ಬಿಡುತ್ತೇನೆ. ಆ ದಿನವನ್ನು ಸಲಕರಣೆ ಒಣಗಿಸಲು ಇಟ್ಟುಕೊಳ್ಳಿ. ಬೂಟಿನೊಳಗಿನ ಮರಳು, ಹವಳದ ಚೂರು ಎಲ್ಲವನ್ನೂ ಅಲ್ಲೇ ದಡದಲ್ಲಿ ಕೊಡವಿ ಬನ್ನಿ. ಒಂದು ಚೂರೂ ಚೀಲದಲ್ಲಿ ಉಳಿಯಬಾರದು.